ಮೊದಲು ರೋಗಿಯನ್ನು ಕೇಳಿ ಸರ್

ಶಹಾಪುರದ ನಿಮ್ಮ ಕ್ಲಿನಿಕ್‌ನಲ್ಲಿ ಎಂಬಿಬಿಎಸ್ ಓದೋ ಹುಡುಗರನ್ನು ಕಲಿಯಲಿ ಅಂತ ಕೂರಿಸಿಕೊಂಡರೆ ರೋಗಿಗಳಿಗೆ ಬೇಜಾರಾಗುತ್ತಾ, ಮೊದಲು ಏನು ಕಲಿಸಬೇಕು ಅಂತ ಕೇಳಿದ್ದೀರಿ.

ಕಲಬುರಗಿಯ ನನ್ನ ಕ್ಲಿನಿಕ್‌ಗೆ ಹಲವು ವರ್ಷಗಳಿಂದ ಹುಡುಗರು ಬರುತ್ತಾರೆ. ಬೇಜಾರು ಮಾಡಿಕೊಂಡವರು ಕಡಿಮೆ. ಆದರೆ ಹುಡುಗ ಒಳಗೆ ಬರೋ ಮುಂಚೆಯೇ ರೋಗಿಯನ್ನು ಕೇಳಿ. ಅವನೆದುರಿಗೆ ಕೇಳಿದರೆ ಸಂಕೋಚಕ್ಕೆ ಹೂಂ ಅಂತಾರೆ, ಅಲ್ವಾ?

ಮೊದಲು ಕಲಿಸಬೇಕಾದ್ದು ಕೇಳಿಸಿಕೊಳ್ಳೋದು. ಮೊನ್ನೆ ಒಬ್ಬ ಅಜ್ಜಿ ಬಂದು "ಜೀವಕ್ಕ ಆರಾಮಿಲ್ರಿ" ಅಂದರು. ಮೈಸೂರು ಕಡೆಯ ಹುಡುಗಿ ತಕ್ಷಣ ಥರ್ಮಾಮೀಟರ್ ತೆಗೆದಳು. ಸುಮ್ನೆ ಎರಡು ನಿಮಿಷ ಕೂರಮ್ಮ ಅಂದೆ. ಅಜ್ಜಿ ತಾವಾಗಿಯೇ ಹೇಳಿದರು: ಬಿಪಿ ಮಾತ್ರೆ ಮುಗಿದು ಹದಿನೈದು ದಿನ ಆಗಿತ್ತು. ನಮ್ಮ ಕಡೆ "ಆರಾಮಿಲ್ಲ" ಅನ್ನೋ ಒಂದು ಮಾತಿನಲ್ಲಿ ಜ್ವರವೂ ಇರುತ್ತೆ, ಎದೆನೋವೂ ಇರುತ್ತೆ. ಇದನ್ನು ವಾರ್ಡಿನ ಗದ್ದಲದಲ್ಲಿ ಕಲಿಯೋದು ಕಷ್ಟ.

ಆಮೇಲೆ ಬಿಪಿ ನೋಡೋದು. ಐದು ನಿಮಿಷ ಕೂರಿಸಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆ ಮಟ್ಟಕ್ಕೆ. ಅಂಗಿ ತೋಳಿನ ಮೇಲೆ ಪಟ್ಟಿ ಸುತ್ತಬಾರದು. ಅವರು ನೋಡಿದ ಮೇಲೆ ನೀವೂ ಒಮ್ಮೆ ನೋಡಿ. ಔಷಧಿ ಚೀಟಿ ಮಾತ್ರ ನೀವೇ ಬರೆಯಿರಿ.

ಯಾದಗಿರಿಯಲ್ಲೇ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಅಲ್ಲಿನ ಸಮುದಾಯ ವೈದ್ಯಕೀಯ ವಿಭಾಗದವರನ್ನು ಕಂಡು, ಹುಡುಗರನ್ನು ಕಳಿಸೋಕೆ ಒಪ್ಪಿಗೆ ಪತ್ರ ತಗೊಳ್ಳಿ. ಒಂದು ಸಲಕ್ಕೆ ಇಬ್ಬರಿಗಿಂತ ಜಾಸ್ತಿ ಬೇಡ.