ತಮ್ಮ ಯಾವಾಗ್ಲೂ ಹುಡುಗಿ ಕ್ಯಾರೆಕ್ಟರ್ ತಗೊಂಡೇ ಗೇಮ್ ಆಡ್ತಾನೆ, ಯಾಕೆ?

ಪಿಯುಸಿ ಓದೋ ತಮ್ಮ ಫ್ರೀ ಫೈರ್ ಮ್ಯಾಕ್ಸ್‌ನಲ್ಲೂ ಬಿಜಿಎಂಐನಲ್ಲೂ (ಎರಡೂ ಮೊಬೈಲಲ್ಲಿ ಆಡೋ ಗನ್ ಹೊಡೆಯೋ ಗೇಮು) ಹುಡುಗಿಯಾಗೇ ಆಡ್ತಾನೆ, ಅವ್ನಿಗೆ ಏನಾದ್ರೂ ಆಗೈತಾ ಅಂತ ಕೇಳಿದೀರ. ಏನೂ ಆಗಿಲ್ಲ ಕಣ್ರಿ, ಗಾಬರಿ ಬೀಳ್ಬೇಡಿ. ನಾನು ದಾವಣಗೆರೆ ಹುಡುಗಿ, ನಂದು ಇದಕ್ಕೆ ಉಲ್ಟಾ, ನಾನು ತಗೊಳ್ಳೋದು ಗಂಡು ಕ್ಯಾರೆಕ್ಟರ್ರು.

ಹುಡುಗ್ರ ಕಾರಣ ಸಿಂಪಲ್. ಫ್ರೀ ಫೈರ್‌ನಲ್ಲಿ ಒಂದೊಂದ್ ಕ್ಯಾರೆಕ್ಟರ್‌ಗೆ ಒಂದೊಂದ್ ಸ್ಕಿಲ್ಲು, ಕೆಲ್ಲಿ ಅನ್ನೋ ಹುಡುಗಿ ಕ್ಯಾರೆಕ್ಟರ್ ತಗೊಂಡ್ರೆ ಓಟ ಜೋರು, ಎದುರಾಳಿ ಮೇಲೆ ನುಗ್ಗಿ ರಷ್ ಹೊಡಿಯೋರಿಗೆ ಅಷ್ಟ್ ಸಾಕು, ಗಂಡೋ ಹೆಣ್ಣೋ ಯಾರ್ ನೋಡ್ತಾರೆ. ಬಿಜಿಎಂಐನಲ್ಲಿ ಮ್ಯಾಚ್ ಪೂರ್ತಿ ಕಣ್ಮುಂದೆ ಇರೋದು ಕ್ಯಾರೆಕ್ಟರ್ ಬೆನ್ನು, ಅದೇನೋ ನೋಡಕ್ಕೆ ಚೆನ್ನಾಗಿರ್ಲಿ, ಔಟ್‌ಫಿಟ್ ಒಪ್ಲಿ ಅಂತ ಹುಡುಗಿ ತಗೊಳ್ಳೋರು ನಮ್ ಗ್ಯಾಂಗಲ್ಲೇ ಇದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್ ಆಡೋ 375 ಜನರನ್ನ ನೋಡಿ 2014ರಲ್ಲಿ ಬಂದ ಅಧ್ಯಯನದಲ್ಲಿ ಗಂಡಸ್ರಲ್ಲಿ 23% ಜನ ಹೆಣ್ಣು ಕ್ಯಾರೆಕ್ಟರ್ ತಗೊಂಡಿದ್ರು, ಹೆಂಗಸ್ರಲ್ಲಿ 7% ಗಂಡು ಕ್ಯಾರೆಕ್ಟರ್. ಮಜಾ ಅಂದ್ರೆ ಆ ಗಂಡಸ್ರು ಚಾಟ್‌ನಲ್ಲಿ ಹೆಂಗಸ್ರ ಧಾಟಿ ಹಿಡಿದ್ರೂ ಓಡಾಟ ಮಾತ್ರ ಗಂಡಸ್ರದ್ದೇ, ಜಿಗಿಯೋದ್ ಜಾಸ್ತಿ, ಬೇರೆಯೋರಿಂದ ದೂರ ನಿಲ್ಲೋದು.

ಹುಡುಗೀರ ಕಥೆನೇ ಬೇರೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಹುಡುಗಿ ಹೆಸ್ರು, ಹುಡುಗಿ ಕ್ಯಾರೆಕ್ಟರ್ ಇಟ್ಕೊಂಡು ಗೊತ್ತಿಲ್ಲದೋರ ಜೊತೆ ನಾಲ್ಕು ಜನರ ಸ್ಕ್ವಾಡ್‌ಗೆ ಹೋಗಿ ನೋಡಿ, ಮ್ಯಾಚ್ ಶುರುವಲ್ಲಿ ಇನ್ನೂ ಪ್ಲೇನ್‌ನಲ್ಲಿ ಇರೋವಾಗ್ಲೇ ಯಾವೂರು ಅಂತಾನೆ ಒಬ್ಬ. ಕೇಳದೇ ಇದ್ರೂ ಫಸ್ಟ್ ಏಡ್ ತಂದು ಕಾಲ್ ಹತ್ರ ಹಾಕ್ತಾರೆ, ಏಟು ತಿಂದು ನೆಲಕ್ಕೆ ಬಿದ್ರೆ (ನಾಕ್ ಆದ್ರೆ) ಮೂರೂ ಜನ ಓಡಿ ಬರ್ತಾರೆ, ಮ್ಯಾಚ್ ಮುಗಿಯೋ ಅಷ್ಟ್ರಲ್ಲಿ ಇನ್‌ಸ್ಟಾ ಐಡಿ ಬೇಕು, ಕೊಡ್ಲಿಲ್ಲ ಅಂದ್ರೆ ಅದೇ ಬಾಯಲ್ಲಿ ಕೆಟ್ಟ ಬೈಗುಳ, ಆಟ ಹೆಂಗ್ ಆಡಿದ್ಲು ಅಂತ ಒಬ್ರೂ ನೋಡಿರಲ್ಲ. ಅದೇ ನಾನು ಗಂಡು ಕ್ಯಾರೆಕ್ಟರ್ ತಗೊಂಡು ಮೈಕ್ ಆಫ್ ಮಾಡಿದ್ರೆ ಯಾರ್ ತಂಟೆನೂ ಇಲ್ಲ, ದೂರದಿಂದ ಗುರಿಯಿಟ್ಟು ಸ್ನೈಪ್ ಹೊಡೆದ್ರೆ "ಸೂಪರ್ ಗುರು" ಅಂತಾರೆ, ಆ ಒಂದ್ ಮಾತಿಗೆ ಎಷ್ಟ್ ಖುಷಿ ಆಗುತ್ತೆ ಗೊತ್ತಾ, ಅದು ನನ್ನ ಆಟಕ್ಕೇ ಸಿಕ್ಕಿದ್ದು.

ವೇಷ ಬದಲಾಯ್ಸೋದು ನಮ್ ಕಡೆಯೋರಿಗೆ ಹೊಸದೂ ಅಲ್ಲ. ದುರ್ಗಮ್ಮನ ಜಾತ್ರೇಲಿ ಕಂಪನಿ ನಾಟಕ ನೋಡ್ಕೊಂಡು ಬೆಳ್ದಿರೋ ಊರು ನಮ್ದು. ಹಿಂದೆ ಕಂಪನಿಗಳಲ್ಲಿ ಗಂಡಸ್ರೇ ಸ್ತ್ರೀಪಾತ್ರ ಮಾಡ್ತಿದ್ರು, ಆಮೇಲೆ 1958ರಲ್ಲಿ ಆರ್. ನಾಗರತ್ನಮ್ಮ ಬೆಂಗಳೂರಲ್ಲಿ ಬರೀ ಹೆಂಗಸ್ರದ್ದೇ ಮಂಡಳಿ ಕಟ್ಟಿ ಕಂಸ, ರಾವಣನ ಪಾತ್ರ ತಾವೇ ಹಾಕಿದ್ರು, 2012ರಲ್ಲಿ ಅವ್ರಿಗೆ ಪದ್ಮಶ್ರೀನೂ ಬಂತು. ಗಂಡಿನ ಪಾತ್ರದಲ್ಲಿ ಗರ್ಜಿಸೋ ಆಸೆ ಹೆಣ್ಮಕ್ಳಿಗೂ ಇರುತ್ತೆ, ನನಗೂ ಐತೆ, ಬರೀ ಹೆದ್ರಿಕೆಗೆ ಗಂಡು ಕ್ಯಾರೆಕ್ಟರ್ ತಗೊಳ್ತೀನಿ ಅಂದ್ರೆ ಸುಳ್ಳಾಗುತ್ತೆ.

ತಮ್ಮನ್ನ ಬೈಬೇಡಿ, ಪಕ್ಕದಲ್ಲಿ ಕೂತ್ಕೊಂಡು ಅವ್ನಿಗೆ ಬಂದಿರೋ ಫ್ರೆಂಡ್ ರಿಕ್ವೆಸ್ಟು, ಮೆಸೇಜು ತೋರ್ಸು ಅನ್ನಿ. ಹುಡುಗಿ ಅನ್ಕೊಂಡು ಯಾರ್ಯಾರ್ ಏನೇನ್ ಬರೀತಾರೆ ಅಂತ ಅವ್ನೇ ಹೇಳ್ತಾನೆ. ಚಿಕ್ಕೋನು, ಫೋನ್ ನಂಬರ್ ಯಾರಿಗೂ ಕೊಡ್ಬೇಡ ಅಂತನೂ ಹೇಳಿಡಿ.