2007ರ ವೇಲ್ಸ್ ಚುನಾವಣೆಯಲ್ಲಿ ಮೂರು ವಿರೋಧ ಪಕ್ಷಗಳಿಗೆ ಒಟ್ಟಾಗಿ ಬಹುಮತವಿದ್ದರೂ ಲೇಬರ್ ಪಕ್ಷವೇ ಅಧಿಕಾರದಲ್ಲಿ ಉಳಿದದ್ದು ಹೇಗೆ?

ನೀವು ಪ್ರಶ್ನೆಯಲ್ಲಿ ಹಾಕಿರುವ ಲೆಕ್ಕ ಸರಿಯಾಗಿದೆ. ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಶಾಸನಸಭೆಯಾದ 60 ಸ್ಥಾನಗಳ ಅಸೆಂಬ್ಲಿಯಲ್ಲಿ ಲೇಬರ್ 26, ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿ 15, ಕನ್ಸರ್ವೇಟಿವ್ 12, ಲಿಬರಲ್ ಡೆಮಾಕ್ರಾಟ್ 6 ಸ್ಥಾನ ಗೆದ್ದಿದ್ದವು. ಒಬ್ಬ ಪಕ್ಷೇತರ ಸದಸ್ಯೆಯೂ ಇದ್ದರು. ಬಹುಮತಕ್ಕೆ 31 ಸಾಕಿತ್ತು, ಲೇಬರನ್ನು ಹೊರಗಿಟ್ಟು ಉಳಿದ ಮೂರು ಪಕ್ಷಗಳು ಸೇರಿದರೆ 33. ಆದರೂ ಸರ್ಕಾರ ಯಾರದಾಗಬೇಕೆಂಬುದು ಅಲ್ಲಿ ತೀರ್ಮಾನವಾದದ್ದು ಸದನದ ತಲೆಯೆಣಿಕೆಯಿಂದಲ್ಲ. ಪ್ರತಿಯೊಂದು ಪಕ್ಷದ ಒಳಗೆ ನಡೆದ ಮತದಾನದಿಂದ ಮತ್ತು ಪ್ಲೈಡ್ ಕಮ್ರಿ ಎಲ್ಲಕ್ಕಿಂತ ಹೆಚ್ಚಾಗಿ ಬಯಸಿದ ಒಂದು ವಿಷಯದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ರಾಜ್ಯಪಾಲರು ಯಾರನ್ನು ಕರೆಯುತ್ತಾರೆಂದು ಕಾಯುತ್ತೇವೆ. ಅಲ್ಲಿ ಅಸೆಂಬ್ಲಿಯೇ 28 ದಿನಗಳೊಳಗೆ ಪ್ರಥಮ ಸಚಿವರ (ನಮ್ಮ ಮುಖ್ಯಮಂತ್ರಿಯಂತೆ ಸರ್ಕಾರದ ಮುಖ್ಯಸ್ಥರ) ಹೆಸರನ್ನು ಸೂಚಿಸಬೇಕಿತ್ತು, ಇಲ್ಲವಾದರೆ ಮರುಚುನಾವಣೆ. ಈ ಗಡುವಿನ ಒತ್ತಡದಲ್ಲಿಯೇ ಮೂರು ವಿರೋಧ ಪಕ್ಷಗಳ ನಾಯಕರು 'ಕಾಮನಬಿಲ್ಲು' ಮೈತ್ರಿ ಎಂದು ಹೆಸರಾದ ಒಪ್ಪಂದವನ್ನು ಸಿದ್ಧಪಡಿಸಿದರು. ಮೇ 23ರಂದು ಅದು ಲಿಬರಲ್ ಡೆಮಾಕ್ರಾಟರ ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗ ಪರವಾಗಿ 9, ವಿರುದ್ಧವಾಗಿ 9 ಮತಗಳು ಬಿದ್ದವು. ಸಮಬಲವಾದ್ದರಿಂದ ಒಪ್ಪಂದಕ್ಕೆ ಅನುಮೋದನೆ ದೊರೆಯಲಿಲ್ಲ. ಎರಡು ದಿನಗಳಲ್ಲಿ, ಮೇ 25ರಂದು, ಲೇಬರ್‌ನ ರೋಡ್ರಿ ಮಾರ್ಗನ್ ಅಲ್ಪಮತದ ಸರ್ಕಾರಕ್ಕೆ ಮತ್ತೆ ನಾಯಕರಾದರು. ಮರುದಿನವೇ ಲಿಬರಲ್ ಡೆಮಾಕ್ರಾಟ್ ಸದಸ್ಯರು ಲ್ಯಾಂಡ್ರಿಂಡಾಡ್ ವೆಲ್ಸ್ ಪಟ್ಟಣದಲ್ಲಿ ವಿಶೇಷ ಸಮಾವೇಶ ಸೇರಿ ಅದೇ ಒಪ್ಪಂದವನ್ನು ಬೆಂಬಲಿಸಿದರು. ನಾಯಕ ಮೈಕ್ ಜರ್ಮನ್ ಅವರಿಗೆ ತಮ್ಮ ಪಕ್ಷದ ಒಪ್ಪಿಗೆ ದೊರೆಯಿತು, ಆದರೆ ಅಷ್ಟರಲ್ಲಿ ಕಾಲ ಮಿಂಚಿತ್ತು. ಆರು ಸ್ಥಾನಗಳ ಪಕ್ಷವೊಂದು ಎರಡೂ ಕಡೆಯ ಸರ್ಕಾರಕ್ಕೆ ಕೀಲಿಕೈಯಾಗಬಹುದಾಗಿದ್ದ ಸಂದರ್ಭ ಹೀಗೆ ಕೈತಪ್ಪಿದ್ದು ನನಗೆ ಇಂದಿಗೂ ವಿಷಾದದ ಸಂಗತಿಯೆನಿಸುತ್ತದೆ.

ಪ್ಲೈಡ್ ಕಮ್ರಿಯ ಇಕ್ಕಟ್ಟು ಇನ್ನೂ ಆಳವಾದದ್ದು. ಕಾಮನಬಿಲ್ಲು ಮೈತ್ರಿಯಾಗಿದ್ದರೆ ಪ್ಲೈಡ್ ನಾಯಕ ಯೇಯನ್ ವಿನ್ ಜೋನ್ಸ್ ಅವರೇ ಪ್ರಥಮ ಸಚಿವರಾಗುತ್ತಿದ್ದರು. ಪಕ್ಷದ ಇತಿಹಾಸದಲ್ಲಿ ಅಂಥ ಅವಕಾಶ ಹಿಂದೆಂದೂ ಬಂದಿರಲಿಲ್ಲ. ಆದರೆ ಕನ್ಸರ್ವೇಟಿವ್ ಸರ್ಕಾರದ ಕಾಲದಲ್ಲಿ 1984-85ರ ಗಣಿ ಕಾರ್ಮಿಕರ ಮುಷ್ಕರವನ್ನೂ ಅನಂತರ ಗಣಿಗಳು ಒಂದೊಂದಾಗಿ ಮುಚ್ಚಿದ್ದನ್ನೂ ಕಂಡಿದ್ದ ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ, ಕನ್ಸರ್ವೇಟಿವರ ಜತೆ ಕೈಜೋಡಿಸಿ ಮತ ಕೇಳುವುದು ಸುಲಭವಿರಲಿಲ್ಲ. ಲಿಯಾನ್ ವುಡ್, ಹೆಲೆನ್ ಮೇರಿ ಜೋನ್ಸ್ ಸೇರಿದಂತೆ ಪಕ್ಷದ ನಾಲ್ವರು ಸದಸ್ಯೆಯರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು.

ಇದಕ್ಕಿಂತ ಮುಖ್ಯವಾದ ಕಾರಣವೊಂದಿದೆ, ಅದನ್ನು ಹಲವರು ಗಮನಿಸುವುದಿಲ್ಲ. ಪ್ಲೈಡ್‌ಗೆ ಬೇಕಾಗಿದ್ದುದು ಅಸೆಂಬ್ಲಿಗೆ, ಅದಕ್ಕೆ ವಹಿಸಿದ ವಿಷಯಗಳಲ್ಲಿ, ಪೂರ್ಣ ಶಾಸನಾಧಿಕಾರ. 2006ರ ವೇಲ್ಸ್ ಸರ್ಕಾರ ಕಾಯ್ದೆಯ ಪ್ರಕಾರ ಅದಕ್ಕೆ ಜನಮತಗಣನೆ ನಡೆಯಬೇಕಿತ್ತು. ಜನಮತಗಣನೆಗೆ ಅಸೆಂಬ್ಲಿಯ ಮೂರನೇ ಎರಡರಷ್ಟು, ಅಂದರೆ 40 ಸದಸ್ಯರ ಬೆಂಬಲವೂ ಲಂಡನ್ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆಯೂ ಬೇಕಿತ್ತು. ಕಾಮನಬಿಲ್ಲಿನ 33ರಿಂದ ಸರ್ಕಾರ ರಚಿಸಬಹುದಿತ್ತೇ ಹೊರತು ಆ 40ನ್ನು ಮುಟ್ಟಲು ಲೇಬರ್ ಇಲ್ಲದೆ ದಾರಿಯೇ ಇರಲಿಲ್ಲ. ಲೇಬರ್ ಮತ್ತು ಪ್ಲೈಡ್ ಸೇರಿದರೆ 41. ಲಂಡನ್ನಿನಲ್ಲಿಯೂ ಆಗ ಲೇಬರ್ ಸರ್ಕಾರವೇ ಇತ್ತು. ಜೂನ್ 27ರಂದು ಪ್ರಕಟವಾದ ಲೇಬರ್-ಪ್ಲೈಡ್ ನಡುವಿನ 'ಒನ್ ವೇಲ್ಸ್' ಒಪ್ಪಂದದಲ್ಲಿ ಜನಮತಗಣನೆಯ ಭರವಸೆ ಸೇರಿದ್ದು ಈ ಹಿನ್ನೆಲೆಯಲ್ಲಿ. ರಾಷ್ಟ್ರೀಯವಾದಿಗಳೊಂದಿಗೆ ಅಧಿಕಾರ ಹಂಚಿಕೊಳ್ಳುವುದನ್ನು ವೇಲ್ಸ್‌ನ ಹಲವು ಲೇಬರ್ ಸಂಸದರು ಒಪ್ಪಿರಲಿಲ್ಲ. ಹಾಗಿದ್ದರೂ ಜುಲೈ ಮೊದಲ ವಾರದಲ್ಲಿ ಎರಡೂ ಪಕ್ಷಗಳ ವಿಶೇಷ ಸಭೆಗಳು ಅದನ್ನು ಅಂಗೀಕರಿಸಿದವು, ಜೋನ್ಸ್ ಉಪ ಪ್ರಥಮ ಸಚಿವರಾದರು.

ಪ್ರಥಮ ಸಚಿವ ಸ್ಥಾನವನ್ನು ಬಿಟ್ಟು ಜನಮತಗಣನೆಯನ್ನು ಆರಿಸಿಕೊಂಡ ಪ್ಲೈಡ್‌ನ ನಿರ್ಧಾರ ಸರಿಯಾಗಿತ್ತೆಂದೇ ನಾನು ನಂಬಿದ್ದೇನೆ. 2011ರ ಮಾರ್ಚ್ 3ರಂದು ಶೇ. 63.5ರಷ್ಟು ಮತದಾರರು ಪೂರ್ಣ ಶಾಸನಾಧಿಕಾರದ ಪರ ನಿಂತರು. ಎರಡು ತಿಂಗಳ ಬಳಿಕ ನಡೆದ ಚುನಾವಣೆಯಲ್ಲಿ ಪ್ಲೈಡ್ 15ರಿಂದ 11ಕ್ಕೆ ಇಳಿಯಿತು, ಲೇಬರ್ 30ಕ್ಕೆ ಏರಿ ಒಂಟಿಯಾಗಿಯೇ ಸರ್ಕಾರ ರಚಿಸಿತು, ಮತ್ತು ಪ್ಲೈಡ್ ಹೋರಾಡಿ ತಂದ ಆ ಅಧಿಕಾರವನ್ನು ಮೊದಲು ಬಳಸಿದ್ದು ಅದೇ ಲೇಬರ್ ಸರ್ಕಾರ.