ಡೋಪಮೈನ್ ಟೆಸ್ಟ್ ಎಲ್ಲಿ ಮಾಡಿಸ್ಬೇಕು ಅಂತ ಕೇಳೋರಿಗೆ

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ರಾತ್ರಿ ಎರಡರ ತನಕ ಮೊಬೈಲ್ ಗೇಮು. ಕಾಲೇಜು ಬದಲಾದ ಮೇಲೆ ಯಾರ ಜೊತೇನೂ ಸೇರಲ್ಲ. ಡೋಪಮೈನ್ ಖಾಲಿ ಆಗಿರುತ್ತೆ ಅಂತ ವಿಡಿಯೋದಲ್ಲಿ ನೋಡಿದ್ವಿ. ಬ್ಲಡ್ ಟೆಸ್ಟ್ ಮಾಡಿಸ್ಬೇಕಾ, ಬ್ರೈನ್ ಸ್ಕ್ಯಾನಾ? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಎರಡೂ ಬೇಡಮ್ಮ. ಎಷ್ಟು ಸಲ ಹೇಳಿದ್ರೂ ಈ ಪ್ರಶ್ನೆ ಬರ್ತಾನೇ ಇದೆ. ಡೋಪಮೈನ್ ಅಂದ್ರೆ ಮೆದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಳಸೋ ಒಂದು ರಾಸಾಯನಿಕ. ರಕ್ತದಲ್ಲಿರೋ ಡೋಪಮೈನ್ ಮೆದುಳಿನೊಳಗೆ ದಾಟೋದೇ ಇಲ್ಲ, ಹಾಗಾಗಿ ರಿಪೋರ್ಟಲ್ಲಿ ಬರೋ ನಂಬರಿಗೂ ಇವನ ಗೇಮಿಗೂ ಸಂಬಂಧ ಇಲ್ಲ. ಸ್ಕ್ಯಾನ್ ನೋಡಿ ಒಬ್ಬ ಹುಡುಗನಿಗೆ ಅಡಿಕ್ಷನ್ ಇದೆ, ಇಲ್ಲ ಅಂತ ಹೇಳೋಕೂ ಆಗಲ್ಲ.

ಡೋಪಮೈನ್ ಅನ್ನೋದು ಖಾಲಿ ಆಗೋಕೆ ಸಂಪಿನ ನೀರಲ್ಲ. ವುಲ್ಫ್ರಾಮ್ ಶುಲ್ಟ್ಸ್ ಅನ್ನೋ ಮೆದುಳು ವಿಜ್ಞಾನಿ ಕೋತಿಗಳಲ್ಲಿ ನೋಡಿದ್ದು ಇದು: ಮೊದಮೊದ್ಲು ಬಾಯಿಗೆ ಜ್ಯೂಸ್ ಬಿದ್ದಾಗ ಡೋಪಮೈನ್ ಕೋಶಗಳು ಜೋರಾಗಿ ಮಿಡೀತಿದ್ವು, ಜ್ಯೂಸಿಗೆ ಮುಂಚೆ ಲೈಟ್ ಹತ್ತುತ್ತೆ ಅಂತ ಕೋತಿ ಕಲಿತ ಮೇಲೆ ಲೈಟಿಗೇ ಮಿಡಿಯೋಕೆ ಶುರುವಾಯ್ತು, ಲೈಟ್ ಹತ್ತಿಯೂ ಜ್ಯೂಸ್ ಬರ್ಲಿಲ್ಲ ಅಂದ್ರೆ ಬರ್ಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಮಿಡಿತ ಕುಸೀತಿತ್ತು. ನಿಮ್ಮ ಮಗನಿಗೆ ನೋಟಿಫಿಕೇಶನ್ನಿನ ಟಿಂಗ್ ಸೌಂಡೇ ಆ ಲೈಟು. ಬೇಕು ಅನ್ಸೋದು ಬೇರೆ, ಖುಷಿ ಸಿಗೋದು ಬೇರೆ, ಅದಕ್ಕೇ ಎಷ್ಟೋ ಹುಡುಗರು "ಆಡೋದು ಬೋರು ಸಾರ್, ಆದ್ರೂ ಬಿಡೋಕಾಗ್ತಿಲ್ಲ" ಅಂತಾರೆ. ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನ್ ಥರ ಕೆಲಸ ಮಾಡೋ ಮಾತ್ರೆ ತಗೊಂಡ ಕೆಲವರಿಗೆ ಹೊಸದಾಗಿ ಜೂಜಿನ ಚಟ ಹತ್ತಿದೆ, ಇಷ್ಟು ಗೊತ್ತಿದ್ರೂ 'ಡೋಪಮೈನ್ ಬೂಸ್ಟರ್' ಪುಡಿ ಅಂತ ಮಕ್ಕಳಿಗೆ ಮಾರ್ತಾರಲ್ಲ, ಅಂಥೋರನ್ನ ಕಂಡ್ರೆ ಮೈ ಉರಿಯುತ್ತೆ.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 2022ರಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಕಂಟ್ರೋಲ್ ತಪ್ಪಿರಬೇಕು, ಬೇರೆಲ್ಲದಕ್ಕಿಂತ ಗೇಮೇ ಮೇಲಾಗಿರಬೇಕು, ಹಾಳಾಗ್ತಿದ್ರೂ ಬಿಡದೆ ಆಡ್ತಿರಬೇಕು, ಇದೆಲ್ಲ ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ಆ ಹೆಸರನ್ನ ನೀವೇ ಅಂಟಿಸ್ಬೇಡಿ. ನಂಗೆ ಗೇಮಿಗಿಂತ ಅವನು ಯಾರ ಜೊತೇನೂ ಸೇರಲ್ಲ ಅನ್ನೋದೇ ಜಾಸ್ತಿ ಚಿಂತೆ. ಡಿಪ್ರೆಶನ್, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದ್ಯಾ ಅಂತ ಮನೋವೈದ್ಯರು ನೋಡ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, ಅಷ್ಟು ದೂರ ಆಗಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಕಿತ್ಕೊಂಡು ಒಡೆಯೋ ಕೆಲಸ ಮಾತ್ರ ಬೇಡ. ನೋಟಿಫಿಕೇಶನ್ ಆಫ್ ಮಾಡ್ಸಿ, ರಾತ್ರಿ ಚಾರ್ಜರ್ ಹಾಲಲ್ಲಿರ್ಲಿ, ನಿಮ್ಮ ಫೋನುಗಳೂ ಅಲ್ಲೇ ಇರ್ಬೇಕು. ಸಾಯ್ತೀನಿ ಅನ್ನೋ ಮಾತು ಬಂದ್ರೆ ನಾಟಕ ಅನ್ಕೋಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ.

ಪ್ರಶ್ನೆ: ಡೋಪಮೈನ್ ಫಾಸ್ಟಿಂಗ್, ಅಂದ್ರೆ ಫೋನು, ಗೇಮು ಥರದ್ದನ್ನೆಲ್ಲ ಸ್ವಲ್ಪ ಹೊತ್ತು ಪೂರ್ತಿ ಬಿಟ್ಟಿರೋದು, ಮಾಡಿದ್ರೆ ಮೆದುಳು ರೀಸೆಟ್ ಆಗುತ್ತಾ?

ಉತ್ತರ: ಇಲ್ಲ. ಒಂದಿನ ಫೋನ್ ಬಿಟ್ಟಿರೋದು ಒಳ್ಳೇದೇ, ಮಾಡಿ.

ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ನೋಡಿದ್ರೆ ಅಡಿಕ್ಷನ್?

ಉತ್ತರ: ಗಂಟೆ ಲೆಕ್ಕದಲ್ಲಿ ಡಯಾಗ್ನೋಸಿಸ್ ಮಾಡಲ್ಲ. ನಿದ್ದೆ, ಊಟ, ಓದು, ಸ್ನೇಹಿತರು, ಇದ್ರಲ್ಲಿ ಏನೇನು ಬಿಟ್ಟುಹೋಗಿದೆ ಅನ್ನೋದನ್ನ ಬರೆದು ಕಳ್ಸಿ.

ಪ್ರಶ್ನೆ: ಕರೆಂಟ್ ಶಾಕ್ ಕೊಟ್ಟು ಮೊಬೈಲ್ ಚಟ ಬಿಡಿಸ್ತಾರಂತೆ, ಸೇರಿಸ್ಬಹುದಾ?

ಉತ್ತರ: ಖಂಡಿತ ಬೇಡ. ಚೀನಾದಲ್ಲಿ ಹದಿಹರೆಯದೋರಿಗೆ ಹೀಗೇ ಮಾಡ್ತಿದ್ರು, 2009ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯವೇ ಅದನ್ನ ನಿಷೇಧಿಸ್ತು.